ಅರ್ಧ ಪಾಠದ ಈಜುಗಾರ

ನೀರಿನಲ್ಲಿ ಮುಳುಗುವವರನ್ನು ಎತ್ತಲು ಹಗ್ಗವಿದೆ, ಟ್ಯೂಬಿದೆ, ಸೀಟಿ ಊದುವ ಕಾವಲುಗಾರನಿದ್ದಾನೆ. ತಮ್ಮ ಮಾತಿನಲ್ಲಿ ತಾವೇ ಮುಳುಗುವವರನ್ನು ಎತ್ತಲು ಈವರೆಗೆ ಯಾರೂ ಏನನ್ನೂ ಕಂಡುಹಿಡಿದಿಲ್ಲ. ನೀರು ಸರಬರಾಜು ಇಲಾಖೆಯ ಬಿಲ್ಲು ವಿಭಾಗದ ಗುಮಾಸ್ತರು ಮುಳುಗಿದ್ದು ಹಾಗೆ. ಅದೂ ಹಾಡಹಗಲಿನಲ್ಲಿ, ಊಟದ ಡಬ್ಬಿಯ ಎದುರು, ಕೈ ತೊಳೆಯುವ ನಲ್ಲಿ ಬಿಟ್ಟರೆ ಒಂದು ಹನಿ ನೀರಿಲ್ಲದ ಜಾಗದಲ್ಲಿ.

ವಿಷಯ ಇಷ್ಟೇ. ಸರ್ಕಾರಿ ಇಲಾಖೆಗಳ ವಾರ್ಷಿಕ ಕ್ರೀಡಾಕೂಟ ಹತ್ತಿರ ಬಂದಿತ್ತು. ಓಟದಲ್ಲಿ ಯಾರು ಗೆದ್ದರೂ, ಹಗ್ಗಜಗ್ಗಾಟದಲ್ಲಿ ಯಾರು ಬಿದ್ದರೂ ನೀರಿನ ಇಲಾಖೆಗೆ ಚಿಂತೆಯಿರಲಿಲ್ಲ. ಆದರೆ ಈಜಿನ ಕಪ್ಪನ್ನು ವರ್ಷ ವರ್ಷವೂ ವಿದ್ಯುತ್ ಇಲಾಖೆಯವರು ಹೊತ್ತುಕೊಂಡು ಹೋಗುತ್ತಿದ್ದರು. ಸುಮ್ಮನೆ ಹೋಗುತ್ತಿದ್ದರೇ? "ನೀರು ನಿಮ್ದು, ಈಜು ನಮ್ದು" ಎಂದು ಹಲ್ಲು ಕಿರಿದು ಹೋಗುತ್ತಿದ್ದರು. ಊಟಕ್ಕೆ ಕೂತವರೆಲ್ಲ ಈ ಅವಮಾನವನ್ನು ನೆನೆದು ನಿಟ್ಟುಸಿರು ಬಿಡುತ್ತಿದ್ದಾಗ, ಗುಮಾಸ್ತರ ಬಾಯಿಂದ ಒಂದು ಮಾತು ಜಾರಿತು.

"ಛೇ, ಆ ಕಾಲದಲ್ಲಿ ನಾನು ನೀರಿಗೆ ಬಿದ್ರೆ ಮೀನುಗಳೇ ದಾರಿ ಬಿಡ್ತಿದ್ವು."

ಇದು ಪೂರ್ತಿ ಸುಳ್ಳೆಂದು ಹೇಳುವ ಹಾಗಿಲ್ಲ. ಚಿಕ್ಕಂದಿನಲ್ಲಿ ಅವರು ಕೆರೆಗೆ ಜಾರಿ ಬಿದ್ದದ್ದು ನಿಜ. ಮೊಣಕಾಲುದ್ದ ನೀರಿನಲ್ಲಿ ಅವರು ಎಬ್ಬಿಸಿದ ಗಲಾಟೆಗೆ ಮೀನುಗಳು ದಾರಿ ಬಿಟ್ಟದ್ದೂ ನಿಜವೇ ಇರಬೇಕು. ಆದರೆ ಅವರ ಬೆನ್ನ ಹಿಂದೆ ಕೈ ತೊಳೆಯುತ್ತಿದ್ದ ಸಾಹೇಬರಿಗೆ ಈ ವಿವರಗಳು ತಿಳಿದಿರಲಿಲ್ಲ.

"ರೀ! ಇಷ್ಟು ವರ್ಷ ಎಲ್ಲಿ ಅಡಗಿಕೊಂಡಿದ್ರಿ ನೀವು?" ಎಂದು ಸಾಹೇಬರು ಒದ್ದೆ ಕೈಯಲ್ಲೇ ಗುಮಾಸ್ತರ ಭುಜ ಹಿಡಿದುಕೊಂಡರು.

"ಸಾರ್, ಅದು ತುಂಬಾ ಹಳೇ ಮಾತು..."

"ಹಳೇದಾದ್ರೇನು? ಈಜು ಅನ್ನೋದು ಮರೆಯೋ ವಿದ್ಯೆ ಅಲ್ಲ! ಯಾರ್ರೀ ಅಲ್ಲಿ, ಇವರ ಹೆಸರು ಬರ್ಕೊಳ್ಳಿ! ಈ ಸಲ ಆ ಕರೆಂಟಿನವರಿಗೆ ನೀರು ಕುಡಿಸ್ಬೇಕು!"

ಸಂಜೆಯೊಳಗೆ ಗುಮಾಸ್ತರಿಗೆ 'ತಿಮಿಂಗಿಲ' ಎಂಬ ಬಿರುದು ಬಂದಾಗಿತ್ತು. ಅಷ್ಟು ವರ್ಷ ಅವರ ಮುಖ ನೋಡದೆ ಫೈಲು ಎಸೆದು ಹೋಗುತ್ತಿದ್ದ ಜವಾನ ಅಂದು ಎದ್ದು ನಿಂತು ಬಾಗಿಲು ತೆರೆದ. ಗುಮಾಸ್ತರು ಬಾಗಿಲು ದಾಟಿದರು. 

ಹೋಗಲಿ, ಮನೆಯಲ್ಲಾದರೂ ನಿಜ ಹೇಳಿ ಹಗುರವಾಗೋಣವೆಂದರೆ ಅಲ್ಲಿ ಇನ್ನೂ ಆಳವಾದ ನೀರಿತ್ತು. ಮದುವೆಗೆ ಮೊದಲು, ಇಬ್ಬರೇ ಕೂತು ಮಾತಾಡಿದ ಮೊದಲ ದಿನ, "ನೀವು ಧೈರ್ಯವಾಗಿ ಮಾಡಿದ ಕೆಲಸ ಯಾವ್ದಾದ್ರೂ ಇದ್ಯಾ?" ಎಂದು ಆಕೆ ಕೇಳಿದ್ದಳು. "ತುಂಬಿದ ಹೊಳೆ ದಾಟಿದ್ದೀನಿ" ಎಂದು ಇವರು ಹೇಳಿದ್ದರು. ಆಕೆ ಕಣ್ಣರಳಿಸಿ ನೋಡಿದ ಆ ಒಂದು ನೋಟವನ್ನು ಗುಮಾಸ್ತರು ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದರು. ಸುದ್ದಿ ಅವರಿಗಿಂತ ಮೊದಲೇ ಮನೆ ತಲುಪಿದ್ದರಿಂದ, ಬಾಗಿಲಲ್ಲೇ ಹೆಂಡತಿ ಹೊಸ ಟವೆಲ್ಲು ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಅವಳ ತಾಯಿ.

"ನೋಡಮ್ಮ, ನಾನು ಹೇಳ್ತಿರ್ಲಿಲ್ವಾ? ಹೊಳೆ ಈಜಿದವರಿಗೆ ಆ ಈಜುಕೊಳ ಯಾವ ಲೆಕ್ಕ!"

"ಅಳಿಯಂದ್ರು ಇಷ್ಟು ವರ್ಷ ಸ್ನಾನಕ್ಕೆ ಹೋದ್ರೂ ಬಾಗಿಲು ಹಿಡ್ಕೊಂಡೇ ನಿಲ್ತಿದ್ರಲ್ಲ, ಅದು ನೋಡಿ ನಾನು ಏನೇನೋ ಅಂದ್ಕೊಂಡಿದ್ದೆ" ಎಂದರು ಅತ್ತೆ.

ಕೊಳಕ್ಕೇ ಹೋಗಿ ಗುಟ್ಟಾಗಿ ಕಲಿಯೋಣವೆಂದರೆ ಅಲ್ಲಿ ನೀರು ಬಿಡುವವನಿಂದ ಹಿಡಿದು ಟಿಕೆಟ್ ಹರಿಯುವವನವರೆಗೆ ಎಲ್ಲರೂ ಇಲಾಖೆಯವರೇ. ಉಳಿದದ್ದು ಒಂದೇ ದಾರಿ. ವಿಡಿಯೋ ನೋಡಿ ಕಲಿಯುವುದು.

ಮನೆಯಲ್ಲಿ ಒಂದು ಲ್ಯಾಪ್‌ಟಾಪ್ ಇತ್ತು. ಭಾಮೈದ ಹೊಸದು ಕೊಂಡಾಗ ಹಳೆಯದನ್ನು "ಭಾವ, ಇನ್ನೂ ಗಟ್ಟಿಮುಟ್ಟಾಗಿದೆ" ಎಂದು ದಾನ ಮಾಡಿದ್ದ. ಗಟ್ಟಿಯಂತೂ ಇತ್ತು, ತೂಕದಲ್ಲಿ ಚಪ್ಪಡಿ ಕಲ್ಲಿಗೆ ಕಡಿಮೆಯಿರಲಿಲ್ಲ. ಅರ್ಧ ಅಕ್ಷರಗಳು ಸವೆದು ಹೋಗಿದ್ದವು. ಗುಂಡಿ ಒತ್ತಿದರೆ ಮೊದಲು ಒಂದು ದೀರ್ಘ ಉಸಿರು ಬಿಟ್ಟು, ಯೋಚಿಸಿ, ಆಮೇಲೆ ಏಳುತ್ತಿತ್ತು. ಗುಮಾಸ್ತರು ಸಂಜೆ ಮಲಗುವ ಕೋಣೆಯ ಬಾಗಿಲು ಮುಚ್ಚಿಕೊಂಡರು. ಮಂಚದ ತಲೆದೆಸೆಯಲ್ಲಿ ಎರಡು ದಪ್ಪ ಹತ್ತಿ ದಿಂಬು ಜೋಡಿಸಿ, ಅದರ ಮೇಲೆ ಲ್ಯಾಪ್‌ಟಾಪನ್ನು ಕೂರಿಸಿ, ತಾವು ಹಾಸಿಗೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿದರು. ಈಜಲು ನೀರಿಲ್ಲದಿದ್ದರೆ ಹಾಸಿಗೆಯಾದರೂ ಬೇಕಲ್ಲವೇ?

ಪರದೆಯ ಮೇಲೆ ಸದಾ ನಗುವ ಶಿಕ್ಷಕಿಯೊಬ್ಬಳು ಬಂದಳು. "ಬಲಗೈ ಮುಂದೆ... ಎಡಗೈ ಮುಂದೆ... ಕಾಲು ಬಡೀರಿ, ಇನ್ನೂ ಜೋರಾಗಿ, ಶಭಾಷ್... ಈಗ ಬಾಯ್ತುಂಬ ಉಸಿರು ತಗೊಂಡು, ಬಲಗೈ ಮೇಲೆತ್ತಿ, ತಡೆದು ಹಿಡೀರಿ..."

ಗುಮಾಸ್ತರು ಕೈಯೆತ್ತಿ ಉಸಿರು ತಡೆದು ಹಿಡಿದರು. ಅಷ್ಟರಲ್ಲಿ ಶಿಕ್ಷಕಿಯೂ ನಿಂತುಬಿಟ್ಟಳು. ಕೈ ಮೇಲೆ, ನಗು ಇದ್ದಲ್ಲೇ, ಮೂಗಿನ ಮೇಲೆ ಒಂದು ಸಣ್ಣ ಚಕ್ರ ಗಿರಗಿರನೆ ಸುತ್ತುತ್ತಿತ್ತು. ಗುಮಾಸ್ತರು ಶಿಸ್ತಿನ ಮನುಷ್ಯ. ಇಲಾಖೆಯಲ್ಲಿ ಮೇಲಿನವರು ಹೇಳದೆ ಒಂದು ಕಾಗದ ಕದಲಿಸಿದವರಲ್ಲ. ಶಿಕ್ಷಕಿ ಬಿಡಿ ಎನ್ನದೆ ಉಸಿರು ಬಿಡುವುದು ಹೇಗೆ? ಮುಖ ಕೆಂಪಾಯಿತು, ನೀಲಿಯಾಯಿತು, ಕಣ್ಣು ಹೊರಬಂದಿತು. ಕಡೆಗೆ ಚಕ್ರ ನಿಂತು, ಶಿಕ್ಷಕಿ ಮುದುಕಿಯ ಹಾಗೆ ಎಳೆದು "ಬಿಇಇಡಿ" ಎಂದಳು. ಅಲ್ಲಿಂದ ಮುಂದೆ ಲ್ಯಾಪ್‌ಟಾಪ್ ಪೂರ್ತಿ ಮೊಂಡು ಹಿಡಿಯಿತು.

ಆರಿಸಿ ಹಚ್ಚಿದರು. ಮೊದಲಿಂದ ಪಾಠ ಶುರುವಾಯಿತು. ಬಲಗೈ, ಎಡಗೈ, ಉಸಿರು, ಚಕ್ರ. ಮರುದಿನವೂ ಅಷ್ಟೇ. ಹೀಗೆ ದಿನಾ ಮಾಡಿ ಮಾಡಿ ಗುಮಾಸ್ತರು ಅರ್ಧ ಪಾಠವನ್ನು ಕರತಲಾಮಲಕ ಮಾಡಿಕೊಂಡರು. ಉಳಿದರ್ಧದಲ್ಲಿ ಏನಿದೆಯೆಂದು ಆ ದೇವರಿಗೂ ಆ ಚಕ್ರಕ್ಕೂ ಮಾತ್ರ ಗೊತ್ತಿತ್ತು.

ಭಾಮೈದನಿಗೆ ಫೋನ್ ಮಾಡಿದರು.

"ಪತ್ರ ಟೈಪ್ ಮಾಡಿದ್ರೆ ಕುದುರೆ ಥರ ಓಡುತ್ತಪ್ಪ. ವಿಡಿಯೋ ಹಾಕಿದ್ರೆ ಮಾತ್ರ ಸ್ವಲ್ಪ ಹೊತ್ತಿಗೆ ಮಲಗಿಬಿಡುತ್ತೆ."

"ತೆರೆದಿಟ್ಟ ಟ್ಯಾಬ್‌ಗಳನ್ನೆಲ್ಲ ಮುಚ್ಚಿ ನೋಡಿ ಭಾವ. ಅಂದಹಾಗೆ, ಯಾವ ವಿಡಿಯೋ ನೋಡ್ತೀರಿ?"

ಗುಮಾಸ್ತರು ಇದನ್ನು ನಿರೀಕ್ಷಿಸಿರಲಿಲ್ಲ. ಈಜು ಎಂದರೆ ಅವನ ಅಕ್ಕನಿಗೆ ಹೋಗಿ ಮುಟ್ಟುತ್ತದೆ. "ಭಾಷಣ. ದೊಡ್ಡೋರ ಭಾಷಣ ಕೇಳ್ತೀನಿ" ಎಂದುಬಿಟ್ಟರು.

ಟ್ಯಾಬ್ ಮುಚ್ಚಿದ್ದಾಯಿತು. ಏನೂ ಆಗಲಿಲ್ಲ. ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗನಂಥ ಮಧ್ಯವಯಸ್ಕನೊಬ್ಬನಿದ್ದ. ಅವನು "ಬ್ರೌಸರ್ ಹಳೇದಾಗಿರುತ್ತೆ, ಅಪ್‌ಡೇಟ್ ಮಾಡಿ. ಒಳಗೆ ತುಂಬಿರೋ ಹಳೇ ಕಸ ಎಲ್ಲ ಅಳಿಸಿ" ಎಂದು ಹೇಳಿ, ತಲೆಯೆತ್ತಿ, "ಯಾವ ವಿಡಿಯೋ ಸಾರ್?" ಎಂದ. ತಿಮಿಂಗಿಲವು ಈಜಿನ ಪಾಠ ನೋಡುತ್ತದೆಂದು ಕಚೇರಿಯಲ್ಲಿ ಹೇಳಲಾದೀತೇ? "ಗುಲಾಬಿ ಗಿಡ ಸವರೋದು" ಎಂದರು ಗುಮಾಸ್ತರು. ಅವರ ಮನೆಯಲ್ಲಿ ಗಿಡವಿರಲಿ, ಒಡೆದ ಕುಂಡವೂ ಇರಲಿಲ್ಲ.

ಅಪ್‌ಡೇಟ್ ಆಯಿತು, ಕಸ ಹೋಯಿತು, ಚಕ್ರ ಮಾತ್ರ ತಪ್ಪದೆ ಬಂತು. ಕೊನೆಗೆ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದರು. ಅಂಗಡಿಯಾಕೆ ಸ್ಕ್ರೂಡ್ರೈವರನ್ನು ಕೂದಲಿಗೆ ಸಿಕ್ಕಿಸಿಕೊಂಡು, ತನ್ನ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಯಾವುದೋ ರೈಲು ಹೋಗುವ ಉದ್ದನೆಯ ವಿಡಿಯೋ ಹಚ್ಚಿದಳು. ರೈಲು ಸುರಂಗ ದಾಟಿತು, ಸೇತುವೆ ದಾಟಿತು, ಮಧ್ಯಾಹ್ನವೆಲ್ಲ ಓಡಿತು. ಒಮ್ಮೆಯೂ ನಿಲ್ಲಲಿಲ್ಲ.

"ಏನೂ ತೊಂದ್ರೆ ಇಲ್ವಲ್ಲ ಸಾರ್. ಮನೇಲಿ ಎಲ್ಲಿಟ್ಕೊಂಡು ನೋಡ್ತೀರಿ?"

ಹಾಸಿಗೆ ಎಂದರೆ ಹಾಸಿಗೆಯ ಮೇಲೆ ಏಕೆ ಎಂಬ ಪ್ರಶ್ನೆ ಬರುತ್ತದೆ. "ಟೇಬಲ್ ಮೇಲೆ!" ಎಂದರು ಗುಮಾಸ್ತರು, ಬೇಕಾದುದಕ್ಕಿಂತ ಜೋರಾಗಿ.

"ಹಾಗಾದ್ರೆ ನಿಮ್ಮ ವಿಡಿಯೋದಲ್ಲೇ ಏನೋ ಇರ್ಬೇಕು. ಯಾವುದು ಹೇಳಿ, ಇಲ್ಲೇ ಹಾಕಿ ನೋಡೋಣ."

"ಅದು... ಅಡುಗೆದು."

"ಹಿಸ್ಟರಿ ತೆಗೆದ್ರೆ ಸಿಗುತ್ತೆ, ತೆಗೀಲಾ?"

ಗುಮಾಸ್ತರು ಹಾರಿ ಲ್ಯಾಪ್‌ಟಾಪನ್ನು ಮುಚ್ಚಿ ಎದೆಗವಚಿಕೊಂಡರು. "ಬೇಡಮ್ಮ! ಬೇಡ! ಸರಿಹೋಗಿದೆ!" ಎಂದು ಬಾಗಿಲತ್ತ ತಿರುಗಿದವರು, ಎದುರಿಗಿದ್ದ ಕುರ್ಚಿ ನೋಡಿ ನಿಂತುಬಿಟ್ಟರು. ಅಲ್ಲಿ ಚಾರ್ಜರ್ ಕೊಳ್ಳಲು ಬಂದ ಎದುರು ಮನೆಯ ನಿವೃತ್ತ ಇನ್‌ಸ್ಪೆಕ್ಟರು ಕಾಲ ಮೇಲೆ ಕಾಲು ಹಾಕಿಕೊಂಡು, ಮೀಸೆ ತೀಡುತ್ತ, ಇದನ್ನೆಲ್ಲ ನೋಡುತ್ತ ಕೂತಿದ್ದರು. ಕೆಲಸದಿಂದ ಅವರು ನಿವೃತ್ತರಾಗಿದ್ದರೇ ಹೊರತು ಅನುಮಾನದಿಂದಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರನ್ನು ಅವರು ತಮ್ಮ ಕಾಲದಲ್ಲಿ ಬೇಕಾದಷ್ಟು ಕಂಡಿದ್ದರು. ಆದರೆ ಇಡೀ ಕುಂಬಳಕಾಯಿಯನ್ನೇ ಅಪ್ಪಿಕೊಂಡು ಓಡಿದವರನ್ನು ಕಂಡದ್ದು ಇದೇ ಮೊದಲು.

ಶನಿವಾರ ಮಧ್ಯಾಹ್ನ, ಮರುದಿನ ಬೆಳಗಾದರೆ ಸ್ಪರ್ಧೆ ಎನ್ನುವಾಗ, ಗುಮಾಸ್ತರ ಮನೆಯ ನಡುಮನೆಯಲ್ಲಿ ತನಿಖಾ ಸಭೆ ಸೇರಿತು. ಇನ್‌ಸ್ಪೆಕ್ಟರು ಅಧ್ಯಕ್ಷರು.

"ಅಡುಗೆ ವಿಡಿಯೋ ಅಂದ್ರು, ನನ್ನ ಕಿವಿಯಾರೆ ಕೇಳಿದ್ದೀನಿ" ಎಂದರು.

"ಅಡುಗೆನಾ? ಇವರು ನೀರು ಕಾಯಿಸಿದ್ದೂ ನಾನು ನೋಡಿಲ್ಲ" ಎಂದಳು ಹೆಂಡತಿ. "ನನ್ನ ತಮ್ಮನ ಹತ್ರ ಭಾಷಣ ಅಂದಿದ್ದಾರೆ. ನಿನ್ನೆ ಆಫೀಸಿನ ಕಂಪ್ಯೂಟರಿನವರು ಫೋನ್ ಮಾಡಿ, ಗುಲಾಬಿ ಸವರೋದು ನಮ್ಮನೆಯವಳಿಗೂ ಸ್ವಲ್ಪ ಹೇಳ್ಕೊಡಿ ಅಂತಾರೆ!"

"ಒಂದು ವಿಡಿಯೋಗೆ ಮೂರು ಹೆಸರು" ಎಂದು ಇನ್‌ಸ್ಪೆಕ್ಟರು ಕಣ್ಣು ಕಿರಿದು ಮಾಡಿದರು. "ಸಾಮಾನ್ಯ ಆಸಾಮಿ ಅಲ್ಲ. ಈಗ ಎಲ್ಲಿ?"

ಅತ್ತೆ ಮಲಗುವ ಕೋಣೆಯ ಬಾಗಿಲನ್ನು ತೋರಿಸಿದರು. "ದಿನಾ ಇದೇ ಕಥೆ. ಬಾಗಿಲು ಹಾಕ್ಕೋತಾರೆ. ಒಳಗಡೆ ಧಡಧಡ ಸದ್ದು. ಯಾವಳೋ ಹೆಂಗಸಿನ ಧ್ವನಿ. ನಾನು ಹೇಳ್ಬಾರ್ದು ಅಂತ ಸುಮ್ನಿದ್ದೆ."

ಮೂವರೂ ಬಾಗಿಲಿಗೆ ಕಿವಿಯಿಟ್ಟರು. ಮಂಚ ಕಿರುಗುಟ್ಟುತ್ತಿತ್ತು. "ಇನ್ನೂ ಜೋರಾಗಿ, ಶಭಾಷ್..." ಎಂದಿತು ಹೆಂಗಸಿನ ಧ್ವನಿ. ಹೆಂಡತಿಯ ಮುಖ ಬಿಳಿಚಿಕೊಂಡಿತು. "...ತಡೆದು ಹಿಡೀರಿ..." ಎಂದಿತು ಧ್ವನಿ. ಆಮೇಲೆ ಸದ್ದೇ ಇಲ್ಲ. ಮಂಚದ ಸದ್ದೂ ಇಲ್ಲ, ಉಸಿರಿನ ಸದ್ದೂ ಇಲ್ಲ.

"ಒತ್ತೆಯಾಳು!" ಎಂದು ಪಿಸುಗುಟ್ಟಿದರು ಇನ್‌ಸ್ಪೆಕ್ಟರು. "ಹೆದರಿಸಿ ಕೂರಿಸಿದ್ದಾಳೆ. ಇಂಥ ಜಾಲಗಳು ಈಗ ಬೇಕಾದಷ್ಟಿವೆ. ಎಲ್ಲರೂ ಸರೀರಿ, ನಾನು ಬಾಗಿಲು ಒಡೀತೀನಿ."

ಅವರು ನಾಲ್ಕು ಹೆಜ್ಜೆ ಹಿಂದೆ ಸರಿದು, ಭುಜ ಮುಂದೆ ಮಾಡಿ, ಯೌವನವನ್ನು ನೆನಪಿಸಿಕೊಂಡು ನುಗ್ಗಿದರು. ಅದೇ ಹೊತ್ತಿಗೆ ಅತ್ತೆ, "ಆ ಚಿಲಕ ಕೆಟ್ಟು ಎಷ್ಟೋ ಕಾಲ ಆಯ್ತಲ್ಲ" ಎನ್ನುತ್ತ ಬಾಗಿಲನ್ನು ಮೆಲ್ಲಗೆ ತಳ್ಳಿದರು. ಇನ್‌ಸ್ಪೆಕ್ಟರು ಬಾಗಿಲನ್ನು ಮುಟ್ಟದೆಯೇ ಕೋಣೆಯನ್ನು ಹಾದು ಎದುರಿನ ಕಪಾಟಿಗೆ ಬಡಿದು ನಿಂತರು.

ಮಂಚದ ಮೇಲೆ ಗುಮಾಸ್ತರು ಬೋರಲು ಮಲಗಿದ್ದರು. ತಲೆಗೆ ಹೆಂಡತಿಯ ಸ್ನಾನದ ಟೋಪಿ, ಕಣ್ಣಿಗೆ ಈಜುವ ಕನ್ನಡಕ, ಎತ್ತಿದ ಬಲಗೈ, ಬದನೆಕಾಯಿ ಬಣ್ಣದ ಮುಖ. ಎದುರಿಗೆ ದಿಂಬಿನ ಮೇಲೆ, ಅವರಂತೆಯೇ ಕೈಯೆತ್ತಿ ನಿಂತುಹೋದ ಶಿಕ್ಷಕಿ. ಮೂಗಿನ ಮೇಲೆ ಚಕ್ರ.

"ರೀ! ಏನಿದು?" ಎಂದಳು ಹೆಂಡತಿ.

ಗುಮಾಸ್ತರು ಉಬ್ಬಿದ ಕೆನ್ನೆಯಲ್ಲೇ ಪರದೆಯತ್ತ ಬೆರಳು ತೋರಿಸಿ, ತಾಳು ಎಂಬಂತೆ ಸನ್ನೆ ಮಾಡಿದರು.

"ಬಿಡ್ರೀ ಉಸಿರು!" ಎಂದು ಇನ್‌ಸ್ಪೆಕ್ಟರು ಕಪಾಟಿನ ಹತ್ತಿರದಿಂದ ಠಾಣೆಯ ಧ್ವನಿಯಲ್ಲಿ ಗದರಿದರು. ಮೇಲಿನವರ ಆಜ್ಞೆ ಸಿಕ್ಕಿದ ಕೂಡಲೇ ಗುಮಾಸ್ತರು ಬುಸ್ಸೆಂದು ಉಸಿರು ಬಿಟ್ಟರು. ಉಸಿರಿನ ಜೊತೆಗೆ ನಿಜವೂ ಹೊರಬಿತ್ತು. ಊಟದ ಡಬ್ಬಿ, ಸಾಹೇಬರ ಒದ್ದೆ ಕೈ, ತಿಮಿಂಗಿಲ, ಅಂಗಡಿಯಲ್ಲಿ ನಿಲ್ಲದೆ ಓಡಿದ ರೈಲು, ಎಲ್ಲ ಹೇಳಿದರು. ಹೇಳಿ ಮುಗಿಸಿ ತಲೆ ತಗ್ಗಿಸಿದರು. ಅವರಿಗೆ ನಿಜವಾಗಿಯೂ ನಾಚಿಕೆಯಾಗಿತ್ತು.

ಹೆಂಡತಿ ಒಂದೇ ಮಾತು ಕೇಳಿದಳು. "ಆ ಹೊಳೆ?"

"ದಾಟಿದ್ದೆ" ಎಂದರು ಗುಮಾಸ್ತರು. "ಸೇತುವೆ ಮೇಲೆ."

"ನಾವು ದೋಣಿ ಹತ್ತಿದಾಗೆಲ್ಲ ನಾನು ನೆಮ್ಮದಿಯಾಗಿ ಕೂತಿರ್ತಿದ್ದೆ. ಮುಳುಗಿದ್ರೆ ಇವರಿದ್ದಾರಲ್ಲ ಅಂತ!"

"ಅದಕ್ಕೇ ನಾನು ದೋಣಿಯವನ ಪಕ್ಕದಲ್ಲೇ ಕೂರ್ತಿದ್ದೆ. ಮುಳುಗಿದ್ರೆ ಅವನಿದ್ದಾನಲ್ಲ ಅಂತ."

ಆಕೆ ಒಂದು ಕ್ಷಣ ಗಂಡನ ತಲೆಯ ಮೇಲಿದ್ದ ತನ್ನ ಟೋಪಿಯನ್ನೇ ನೋಡಿದಳು. ತುಟಿ ಕಚ್ಚಿಕೊಂಡಳು. ಆಮೇಲೆ ತಡೆಯಲಾಗದೆ ನಗು ಬಂತು. ಗೋಡೆ ಹಿಡಿದು ನಕ್ಕಳು, ಮಂಚದ ಮೇಲೆ ಕುಸಿದು ಕೂತು ನಕ್ಕಳು. ಅತ್ತೆಗೂ ನಗು ಹತ್ತಿತು. ಇನ್‌ಸ್ಪೆಕ್ಟರು ಮಾತ್ರ ಗಂಭೀರವಾಗಿದ್ದರು. ಅಪರಾಧವಿಲ್ಲದ ಮನೆಯಲ್ಲಿ ಅವರಿಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಕೊನೆಗೆ ಸಾಕ್ಷಿಯನ್ನಾದರೂ ವಶಪಡಿಸಿಕೊಳ್ಳೋಣವೆಂದು ಲ್ಯಾಪ್‌ಟಾಪಿನ ಅಡಿಗೆ ಕೈ ಹಾಕಿದರು.

"ಅಯ್ಯಪ್ಪಾ! ಸುಟ್ಟುಹೋಯ್ತು!"

ಹೆಂಡತಿ ನಗು ನಿಲ್ಲಿಸಿ, ಟವೆಲ್ಲಿನಲ್ಲಿ ಹಿಡಿದು ಅದನ್ನು ಮಗುಚಿ ನೋಡಿದಳು. ಅಡಿಯಲ್ಲಿದ್ದ ಗಾಳಿಯ ಸೀಳುಗಳ ತುಂಬ ದಿಂಬಿನ ಹತ್ತಿ ಮೆತ್ತಿಕೊಂಡಿತ್ತು.

"ರೀ, ದಿಂಬಿನ ಮೇಲೆ ಇಟ್ಟು ಒತ್ತಿದ್ರೆ ಇದಕ್ಕೆ ಗಾಳಿ ಎಲ್ಲಿಂದ ಬರ್ಬೇಕು? ವಿಡಿಯೋ ಹಾಕಿದ್ರೆ ಮೊದಲೇ ಕಾಯುತ್ತೆ. ಕಾದು ಕಾದು ಸೋತು ನಿಂತುಬಿಡುತ್ತೆ. ಅಂಗಡೀಲಿ ಮೇಜಿನ ಮೇಲಿತ್ತು, ಅದಕ್ಕೇ ರೈಲು ಓಡ್ತು!"

"ನೀವು ಉಸಿರು ಕಟ್ಟಿದ್ದಲ್ದೆ ಅದರ ಉಸಿರನ್ನೂ ಕಟ್ಟಿಸಿದ್ರಲ್ಲ ಅಳಿಯಂದ್ರೇ" ಎಂದರು ಅತ್ತೆ.

ಜ್ವರ ಬಂತೆಂದು ಹೇಳಿ ಕಳಿಸಿದರೆ ಹೇಗೆಂದು ಗುಮಾಸ್ತರು ಕೇಳಿದರು. "ಅದೊಂದು ಸುಳ್ಳು ಯಾಕೆ ಬಾಕಿ? ನಾಳೆ ಹೋಗಿ ಸಾಹೇಬರಿಗೆ ನಿಜ ಹೇಳಿ. ಇಲ್ಲ ಈಜಿ. ಎರಡರಲ್ಲಿ ಒಂದು" ಎಂದಳು ಹೆಂಡತಿ. ಎರಡಕ್ಕೂ ಸಿದ್ಧವಾಗಿರುವುದು ಒಳ್ಳೆಯದೆಂದು ತೀರ್ಮಾನವಾಯಿತು. ಇನ್‌ಸ್ಪೆಕ್ಟರು ಮೀಸೆ ಬಾಚುವ ತಮ್ಮ ಸಣ್ಣ ಬ್ರಶ್ಶನ್ನು ತ್ಯಾಗ ಮಾಡಿದರು. ಹತ್ತಿಯೆಲ್ಲ ಹೋಯಿತು. ಪಾತ್ರೆ ಒಣಗಿಸುವ ಕಂಬಿಯ ಜಾಲರಿಯನ್ನು ಮೇಜಿನ ಮೇಲಿಟ್ಟು, ಆರಿ ತಣ್ಣಗಾದ ಲ್ಯಾಪ್‌ಟಾಪನ್ನು ಅದರ ಮೇಲೆ ಕೂರಿಸಿದರು. ಬಲಗೈ, ಎಡಗೈ, ತಡೆದು ಹಿಡೀರಿ... ಎಲ್ಲರೂ ಉಸಿರು ಬಿಗಿಹಿಡಿದರು. "ಬಿಡಿ!" ಎಂದಳು ಶಿಕ್ಷಕಿ, ಒಂದಿಷ್ಟೂ ತಡವರಿಸದೆ, ಮತ್ತು ಮುಂದಕ್ಕೆ ಹೋದಳು! ನಾಲ್ಕು ಜನ ಚಪ್ಪಾಳೆ ತಟ್ಟಿದ ಸದ್ದಿಗೆ ಕೆಳಗಿನ ಮನೆಯವರು ಕಿಟಕಿ ತೆರೆದು ನೋಡಿದರು.

ಉಳಿದರ್ಧ ಪಾಠ ಕಡೆಗೂ ಕಂಡಿತು. "ಇಷ್ಟೆಲ್ಲ ಮಾಡಿದ್ರೂ ಬರ್ಲಿಲ್ವಾ? ಗಾಬರಿ ಬೇಡ. ಅಂಗಾತ ಮಲಗಿ. ಗದ್ದ ಮೇಲೆ, ಹೊಟ್ಟೆ ಮೇಲೆ, ಕಾಲು ಮೆಲ್ಲಗೆ ಬಡೀತಾ ಇರಿ. ನೀರನ್ನ ನಂಬಿ, ಅದು ನಿಮ್ಮನ್ನ ಹೊರುತ್ತೆ."

ಗುಮಾಸ್ತರು ಮಂಚದ ಮೇಲೆ ಅಂಗಾತ ಮಲಗಿದರು. ಜೀವನದಲ್ಲಿ ಮೊದಲ ಸಲ ಅವರಿಗೆ ತಾವು ಸಹಜವಾಗಿ ಮಾಡಬಲ್ಲ ಕ್ರೀಡೆಯೊಂದು ಸಿಕ್ಕಿತ್ತು. ಅತ್ತೆ ಗದ್ದ ಎತ್ತಿ ಹಿಡಿದರು. ಹೆಂಡತಿ ಕಾಲಿನ ತಾಳ ಹಾಕಿದಳು. ಇನ್‌ಸ್ಪೆಕ್ಟರು ಸೀಟಿ ಊದಿದರು. ಅಕ್ಕಪಕ್ಕದವರೂ ಬಂದು, ಹೊಟ್ಟೆ ಇನ್ನೂ ಮೇಲೆ ಬರಬೇಕೋ, ಇದ್ದಷ್ಟು ಸಾಕೋ ಎಂದು ಚರ್ಚೆ ಮಾಡಿದರು.

ಭಾನುವಾರ ಬೆಳಗ್ಗೆ ಕೊಳದ ಸುತ್ತ ಜಾತ್ರೆಯಂತೆ ಜನ. ಗುಮಾಸ್ತರು ನೇರವಾಗಿ ಸಾಹೇಬರ ಬಳಿ ಹೋಗಿ, "ಸಾರ್, ಒಂದು ಮಾತು ಹೇಳ್ಬೇಕಿತ್ತು" ಎಂದರು.

"ಗೆದ್ದ ಮೇಲೆ ಹೇಳಿ!" ಎಂದು ಸಾಹೇಬರು ಅವರನ್ನು ಕಟ್ಟೆಗೆ ತಳ್ಳಿದರು. ವಾದ್ಯದವರು ಬಾರಿಸತೊಡಗಿದರು.

ಇತ್ತ ಹೆಂಡತಿ ಮೆಲ್ಲಗೆ ಕೊಳದ ಕಾವಲುಗಾರನ ಹತ್ತಿರ ಹೋಗಿ, "ಅಣ್ಣಾ, ಆ ಕೊನೇ ಸಾಲಿನವರ ಮೇಲೆ ಸ್ವಲ್ಪ ಕಣ್ಣಿಟ್ಟಿರಪ್ಪ" ಎಂದಳು.

ಅವನು ತಲೆ ಕೆರೆದುಕೊಂಡ. "ಏನಮ್ಮ ಇದು? ಇದೇ ಮಾತು ಹೇಳ್ಕೊಂಡು ನಿಮಗಿಂತ ಮೊದಲು ಮೂರು ಜನ ಹೆಂಗಸರು ಬಂದು ಹೋದ್ರು. ಈಜೋರೇ ನಾಲ್ಕು ಜನ!"

ಸೀಟಿ ಕೂಗಿತು. ನೀರು, ವಿದ್ಯುತ್, ಅಂಚೆ, ರಸ್ತೆ ಎಂಬ ನಾಲ್ಕು ಇಲಾಖೆಗಳೂ ಒಟ್ಟಿಗೆ ನೀರಿಗೆ ಬಿದ್ದವು. ವಿದ್ಯುತ್ ಇಲಾಖೆಯ ಹಳೆಯ ಹುಲಿ ನಿವೃತ್ತನಾಗಿದ್ದ. ಅವನ ಜಾಗಕ್ಕೆ ಎತ್ತರದ ಎಂಜಿನಿಯರೊಬ್ಬರು ಬಂದಿದ್ದರು. ಅಂಚೆಯವರು ಬಿದ್ದ ಕ್ಷಣವೇ ಹಗ್ಗ ಹಿಡಿದುಕೊಂಡರು. ರಸ್ತೆಯವರು ತಾವು ಹೊರಟ ಗೋಡೆಗೇ ಮರಳಿ ಬಂದು ಅದನ್ನು ಅಪ್ಪಿಕೊಂಡರು. ಎಂಜಿನಿಯರು ಮಾತ್ರ ಬಲಗೈ ಬೀಸಿದರು, ಎಡಗೈ ಬೀಸಿದರು, ವಿದ್ಯುತ್ತಿನವರು ಕುಣಿದಾಡಿದರು. ಆಮೇಲೆ ಎಂಜಿನಿಯರು ಬಾಯ್ತುಂಬ ಉಸಿರು ತೆಗೆದುಕೊಂಡು, ಬಲಗೈ ಮೇಲೆತ್ತಿ, ಯಾರದೋ ಅಪ್ಪಣೆಗೆ ಕಾಯುವವರಂತೆ ಹಾಗೆಯೇ ನಿಂತುಬಿಟ್ಟರು. ಎತ್ತಿದ ಕೈ ಎತ್ತಿದಂತೆಯೇ ನಿಧಾನವಾಗಿ ಕೆಳಗಿಳಿಯತೊಡಗಿತು. ಕಾವಲುಗಾರ ನೀರಿಗೆ ಹಾರಿದ.

ಗುಮಾಸ್ತರೋ? ಬಿದ್ದ ಕೂಡಲೇ ಬಾಯಿಗೆ ಮೂಗಿಗೆ ನೀರು ನುಗ್ಗಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಅವರು ತಿಂದ ಉಪ್ಪಿಗೆ ಆ ಕೊಳವೂ ಸಾಲದೆನ್ನುವಂತಿತ್ತು. ಪ್ರಾಣಭಯವಾಯಿತು. ಅಷ್ಟರಲ್ಲಿ ಕಟ್ಟೆಯಿಂದ ಅತ್ತೆಯ ಧ್ವನಿ ವಾದ್ಯವನ್ನೂ ಮೀರಿ ಬಂತು. "ಅಳಿಯಂದ್ರೇ! ಗದ್ದ ಮೇಲೆ!"

ಗುಮಾಸ್ತರು ಅಂಗಾತವಾದರು. ಗದ್ದ ಎತ್ತಿದರು, ಹೊಟ್ಟೆ ಎತ್ತಿದರು. ಏನಾಶ್ಚರ್ಯ, ನೀರು ಹೊತ್ತಿತು! ಅವರ ಹೊಟ್ಟೆ ದ್ವೀಪದಂತೆ ಬಿಸಿಲಲ್ಲಿ ಮಿಂಚಿತು. ಮೆಲ್ಲಗೆ ಕಾಲು ಬಡಿದರು. ಆಕಾಶದಲ್ಲಿ ಒಂದು ಬಿಳಿ ಮೋಡ ಅವರ ಜೊತೆಗೇ ಹೊರಟಿತ್ತು. ಸ್ವಲ್ಪ ಹೊತ್ತಿಗೆ ಅದು ಮುಂದೆ ಹೋಯಿತು. ಆದರೂ ಗುಮಾಸ್ತರು ಅವಸರ ಮಾಡಲಿಲ್ಲ. ಅಷ್ಟು ಸುಖವಾಗಿ ಅವರು ಎಂದೂ ಇದ್ದಿರಲಿಲ್ಲ. ವಾದ್ಯದವರು ಬಾರಿಸಿ ಬಾರಿಸಿ ಸುಸ್ತಾಗಿ ಕೂತರು. ಸಾಹೇಬರು ಎರಡು ಸಲ ನೀರು ಕುಡಿದರು. ಕಡೆಗೆ ಗುಮಾಸ್ತರ ನೆತ್ತಿ ಆಚೆಯ ಗೋಡೆಗೆ ಟಣ್ಣೆಂದು ತಗುಲಿತು. ಅಲ್ಲಿಗೆ ತಲುಪಿದವರು ಅವರೊಬ್ಬರೇ.

ಕಾವಲುಗಾರನ ಟ್ಯೂಬಿಗೆ ಜೋತುಬಿದ್ದು ಕೆಮ್ಮುತ್ತಿದ್ದ ಎಂಜಿನಿಯರು ಹತ್ತಿರ ಬಂದಾಗ ಮೆಲ್ಲಗೆ ಕೇಳಿದರು: "ಸಾರ್, ಆ ನಗೋ ಟೀಚರ್ ಪಾಠದ ಎರಡನೇ ಅರ್ಧ ನಿಮಗೆ ಹೇಗೆ ಕಾಣಿಸ್ತು?"

"ಜಾಲರಿ ಮೇಲಿಟ್ಟು ನೋಡ್ದೆ. ನೀವು?"

"ಸೋಫಾ ಕುಶನ್ ಮೇಲೆ" ಎಂದು ಎಂಜಿನಿಯರು ಅಳುಮುಖ ಮಾಡಿದರು.

ಕಪ್ಪು ಕೈಗೆ ಬಂತು. ಇಲಾಖೆಯವರು ಗುಮಾಸ್ತರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಸಾಹೇಬರು ಧ್ವನಿವರ್ಧಕವನ್ನು ಅವರ ಬಾಯಿಗೆ ಹಿಡಿದು, "ಈಗ ಹೇಳಿ, ಬೆಳಗ್ಗೆ ಏನೋ ಹೇಳ್ಬೇಕು ಅಂದ್ರಲ್ಲ" ಎಂದರು. ಗುಮಾಸ್ತರು ಗುಂಪಿನಲ್ಲಿ ಹೆಂಡತಿಯನ್ನು ಹುಡುಕಿದರು. ಆಕೆ ತಲೆಯಾಡಿಸಿದಳು. ಅವರು ಗಂಟಲು ಸರಿಮಾಡಿಕೊಂಡರು.

"ನನಗೆ ಈಜು ಬರಲ್ಲ" ಎಂದರು.

 ಚಪ್ಪಾಳೆಯೋ ಚಪ್ಪಾಳೆ.

"ನೋಡಿದ್ರಾ!" ಎಂದು ಸಾಹೇಬರು ಕಣ್ಣೊರೆಸಿಕೊಂಡರು. "ತುಂಬಿದ ಕೊಡ ತುಳುಕೋದಿಲ್ಲ ಅಂತಾರಲ್ಲ, ಇದೇ! ಗೆದ್ದ ಮೇಲೂ ಎಂಥ ವಿನಯ! ಮುಂದಿನ ತಿಂಗಳಿಂದ ಇಡೀ ಇಲಾಖೆಗೆ ಇವರೇ ಈಜು ಕಲಿಸ್ತಾರೆ!"

"ನಿಜವಾಗ್ಲೂ ಬರಲ್ಲ ಸಾರ್!" ಎಂದು ಗುಮಾಸ್ತರು ಕೂಗಿಕೊಂಡರು. ಚಪ್ಪಾಳೆ ಇಮ್ಮಡಿಯಾಯಿತು.

"ಸುಳ್ಳು ಹೇಳಿದ್ರೆ ನಂಬಿದ್ರು, ನಿಜ ಹೇಳಿದ್ರೆ ನಂಬ್ತಿಲ್ಲ" ಎಂದು ಅವರು ಮನೆಗೆ ಬರುವಾಗ ಹೆಂಡತಿಯ ಬಳಿ ಗೋಳಾಡಿದರು.

"ಹಾಗಾದ್ರೆ ಉಳಿದಿರೋದು ಒಂದೇ ದಾರಿ" ಎಂದಳು ಆಕೆ. "ಕಲೀರಿ. ನಾನೂ ಬರ್ತೀನಿ."

ಮರುದಿನ ಬೆಳಗ್ಗೆ, ಬಿಸಿಲು ಏರುವ ಮುಂಚೆ, ಗಂಡಹೆಂಡಿರಿಬ್ಬರೂ ಟವೆಲ್ಲು ಹೊದ್ದು ಮಕ್ಕಳು ಕಲಿಯುವ ಸಣ್ಣ ಕೊಳಕ್ಕೆ ಹೋದರು. ನೀರು ಸೊಂಟದವರೆಗೂ ಬರುತ್ತಿರಲಿಲ್ಲ. ಮುಂದಿನ ಸಾಲುಗಳಲ್ಲಿ ಪುಟ್ಟ ಮಕ್ಕಳು ಕಂಬಿ ಹಿಡಿದು ಪಟಪಟನೆ ಕಾಲು ಬಡಿಯುತ್ತಿದ್ದರು. "ದೊಡ್ಡೋರೆಲ್ಲ ಹಿಂದಿನ ಸಾಲು!" ಎಂದಳು ಕಲಿಸುವಾಕೆ. ಹಿಂದಿನ ಸಾಲಿನಲ್ಲಿ ಆಗಲೇ ಎಂಜಿನಿಯರು ನಿಂತಿದ್ದರು. ಅವರ ಆಚೆಗೆ ಅಂಚೆ, ಅದರಾಚೆಗೆ ರಸ್ತೆ. ಕಟ್ಟಕಡೆಯಲ್ಲಿ, ಸೊಂಟಕ್ಕೆ ಹಳದಿ ಬಾತುಕೋಳಿಯ ಟ್ಯೂಬು ಏರಿಸಿಕೊಂಡು, ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡಿದ್ದ ವ್ಯಕ್ತಿ ತಿರುಗಿ ನೋಡಿದರು. ಸಾಹೇಬರು.

ಅವರು ಕಂಬಿ ಬಿಡದೆ ಅಡ್ಡಡ್ಡಲಾಗಿ ಜರುಗುತ್ತ ಗುಮಾಸ್ತರ ಹತ್ತಿರ ಬಂದರು.

"ಹಾಗಾದ್ರೆ ನಿನ್ನೆ ಹೇಳಿದ್ದು ನಿಜಾನಾ?" ಎಂದು ಸಾಹೇಬರು ಪಿಸುಗುಟ್ಟಿದರು.

"ನಿಜ ಸಾರ್. ಕಲಿಯೋಣ ಅಂತ ಬಂದೆ. ತಾವು?"

ಸಾಹೇಬರು ಬಾತುಕೋಳಿಯನ್ನು ಇನ್ನೊಂದಿಷ್ಟು ಮೇಲಕ್ಕೆ ಏರಿಸಿಕೊಂಡರು.

"ನೀರಿನ ಗುಣಮಟ್ಟ ಪರೀಕ್ಷೆ" ಎಂದು ಹೇಳಿ, ಕಲಿಸುವಾಕೆ ಸೀಟಿ ಊದಿದ ಕೂಡಲೇ ಎಲ್ಲರಿಗಿಂತ ಮೊದಲು ಕಾಲು ಬಡಿಯತೊಡಗಿದರು.